ಕಾಲ್ ಮಾಡಬೇಕಾ, ಫೋಲ್ಡ್ ಮಾಡಬೇಕಾ? ಪೋಕರ್‌ನಲ್ಲಿ ಪಾಟ್ ಆಡ್ಸ್ ಲೆಕ್ಕ

"ನಾಲ್ಕು ಆಟೀನ್ ಸಿಕ್ಕಿತ್ತು, ಐದನೆಯದು ಬರುತ್ತೆ ಅಂತ ಕಾಲ್ ಮಾಡಿದೆ, ಬರಲಿಲ್ಲ. ನಾನು ಮಾಡಿದ್ದು ತಪ್ಪಾ?"

ಪೋಕರ್ ಕಲಿಯುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ಹೇಳಬೇಕಾದರೆ ಎರಡು ಸಂಗತಿ ಗೊತ್ತಿರಬೇಕು: ಪಾಟ್‌ನಲ್ಲಿ ಎಷ್ಟಿತ್ತು, ನಿಮ್ಮಿಂದ ಎಷ್ಟು ಕೇಳಿದರು. ವಿಚಿತ್ರ ಅಂದರೆ ಪ್ರಶ್ನೆಯಲ್ಲಿ ಈ ಎರಡೂ ಇರುವುದಿಲ್ಲ. ಎಲೆ ಬಂತೋ ಬಿಡ್ತೋ ಅನ್ನುವುದು ಮಾತ್ರ ಇರುತ್ತದೆ, ಅದು ಉತ್ತರಕ್ಕೆ ಬೇಕಾಗಿಯೇ ಇಲ್ಲ.

ಇಲ್ಲಿ ಹೇಳುವುದೆಲ್ಲ ಟೆಕ್ಸಾಸ್ ಹೋಲ್ಡೆಮ್ ಆಟದ ಬಗ್ಗೆ, ಅಂದರೆ ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್. ಯಾವ ಕೈ ಯಾವುದಕ್ಕಿಂತ ದೊಡ್ಡದು ಅನ್ನುವುದು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಕೆಲವು ಪದ ಮೊದಲೇ ಹೇಳಿಬಿಡುತ್ತೇನೆ. ಮೇಜಿನ ಮಧ್ಯೆ ಸೇರಿರುವ ಚಿಪ್ಸ್ (ದುಡ್ಡಿನ ಬದಲು ಹಾಕುವ ಬಿಲ್ಲೆ) ರಾಶಿಯೇ ಪಾಟ್. ಎಲ್ಲರಿಗೂ ಸೇರಿದ ಎಲೆಗಳಲ್ಲಿ ಮೊದಲು ಬಿಚ್ಚುವ ಮೂರು ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್. ಎದುರಾಳಿ ಹಾಕಿದಷ್ಟೇ ನೀವೂ ಹಾಕಿ ಮುಂದುವರಿದರೆ ಕಾಲ್, ಎಲೆ ಕೆಳಗಿಟ್ಟರೆ ಫೋಲ್ಡ್. ಇನ್ನೂ ಪೂರ್ತಿಯಾಗದ, ಒಂದು ಎಲೆಗೆ ಕಾಯುತ್ತಿರುವ ಕೈಗೆ ಡ್ರಾ ಅನ್ನುತ್ತಾರೆ. ನಿಮ್ಮ ಕೈಯನ್ನು ಗೆಲ್ಲುವ ಕೈ ಮಾಡುವ ಎಲೆಗಳು ಔಟ್ಸ್.

ಇನ್ನೊಂದು ಮಾತು. ದುಡ್ಡಿಟ್ಟು ಆನ್‌ಲೈನ್‌ನಲ್ಲಿ ಆಡಿಸುವುದನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾಗಿದೆ. "ಇದು ಅದೃಷ್ಟದ ಆಟ ಅಲ್ಲ, ಕೌಶಲದ ಆಟ" ಅನ್ನುವ ವಾದ ಅದರ ಮುಂದೆ ನಡೆಯುವುದಿಲ್ಲ. ಹಾಗಾಗಿ ಕಲಿಯಲು ಬಿಟ್ಟಿ ಚಿಪ್ಸ್ ಕೊಡುವ ಆ್ಯಪ್ ಸಾಕು. ಒಂದು ಕಟ್ಟು ಇಸ್ಪೀಟ್ ಎಲೆ ಇನ್ನೂ ಒಳ್ಳೆಯದು.

ಹಂತ 1: ಕಾಲ್‌ನ ಬೆಲೆ ಎಷ್ಟು ಅಂತ ಕಂಡುಹಿಡಿಯಿರಿ

ಪಾಟ್‌ನಲ್ಲಿ 300 ಇದೆ. ಎದುರಾಳಿ 100 ಬೆಟ್ ಹಾಕಿದ. ನೀವು ಕಾಲ್ ಮಾಡಬೇಕಾದರೆ 100 ಹಾಕಬೇಕು. ಹಾಕಿದ ಮೇಲೆ ಪಾಟ್ 500 ಆಗುತ್ತದೆ. ಆ 500ರಲ್ಲಿ ನಿಮ್ಮದು 100, ಅಂದರೆ ಶೇ. 20. ಇದೇ ಪಾಟ್ ಆಡ್ಸ್. ಐದು ಸಲದಲ್ಲಿ ಒಂದು ಸಲ ಗೆದ್ದರೂ ನಿಮಗೆ ನಷ್ಟವಿಲ್ಲ, ಅದಕ್ಕಿಂತ ಜಾಸ್ತಿ ಗೆದ್ದರೆ ಲಾಭ.

ಸೂತ್ರ ಇಷ್ಟೇ: ನೀವು ಹಾಕಬೇಕಾದದ್ದನ್ನು, ನೀವು ಹಾಕಿದ ಮೇಲೆ ಪಾಟ್ ಎಷ್ಟಾಗುತ್ತದೋ ಅದರಿಂದ ಭಾಗಿಸಿ. ಬಂದ ಉತ್ತರಕ್ಕೆ ಈ ಬರಹದ ಮಟ್ಟಿಗೆ 'ಬೇಕಾದದ್ದು' ಅಂತ ಹೆಸರಿಡೋಣ.

ಇಲ್ಲಿ ಎಡವುವ ಜಾಗಗಳು ಸುಮಾರಿವೆ.

ಮೊದಲನೆಯದು, ಕೆಳಗಿನ ಅಂಕಿಯಲ್ಲಿ ನಿಮ್ಮ ಕಾಲ್ ಸೇರಿಸಲು ಮರೆಯುವುದು. 100ನ್ನು 400ರಿಂದ ಭಾಗಿಸಿದರೆ ಶೇ. 25 ಬರುತ್ತದೆ, ಮಾಡಬಹುದಾಗಿದ್ದ ಕಾಲ್ ಅನ್ನು ಸುಮ್ನೆ ಬಿಟ್ಟುಬಿಡುತ್ತೀರಿ. ಎರಡನೆಯದು, ಪಾಟ್ ಎಷ್ಟು ಅಂತ ತಪ್ಪಾಗಿ ಓದುವುದು. ಕೆಲವು ಆ್ಯಪ್‌ಗಳಲ್ಲಿ ಪರದೆ ಮೇಲೆ ಕಾಣುವ ಪಾಟ್‌ನಲ್ಲಿ ಈಗಿನ ಬೆಟ್ ಸೇರಿರುತ್ತದೆ, ಕೆಲವದರಲ್ಲಿ ಸೇರಿರುವುದಿಲ್ಲ. ಒಂದೆರಡು ಕೈ ನೋಡಿ ಖಚಿತ ಮಾಡಿಕೊಳ್ಳಿ. ಮೇಜಿನ ಮೇಲೆ ಆಡುವಾಗಲೂ ಅಷ್ಟೇ, ಆ ಸುತ್ತು ಮುಗಿಯುವವರೆಗೆ ಬೆಟ್‌ಗಳು ಆಯಾ ಆಟಗಾರರ ಮುಂದೆಯೇ ಇರುತ್ತವೆ, ಅವನ್ನೂ ಕೂಡಿಸಬೇಕು.

ಮೂರನೆಯದು ಮನಸ್ಸಿನ ತಪ್ಪು. "ಇಷ್ಟೊಂದು ಹಾಕಿಬಿಟ್ಟಿದ್ದೇನೆ, ಈಗ ಹೇಗೆ ಬಿಡಲಿ?" ಹಾಕಿದ್ದು ಈಗ ನಿಮ್ಮದಲ್ಲ, ಪಾಟ್‌ನದ್ದು. ಪಾಟ್‌ನಲ್ಲಿ ಅದು ಹೇಗೂ ಎಣಿಕೆಯಾಗಿದೆ, ಇನ್ನೊಂದು ಸಲ ಎಣಿಸಬೇಡಿ.

ನಾಲ್ಕನೆಯದನ್ನು ಹೊಸಬರು ಗಮನಿಸುವುದೇ ಇಲ್ಲ. ಪಾಟ್‌ನಲ್ಲಿ 100 ಇದೆ, ಎದುರಾಳಿ 200 ಹಾಕಿದ, ನಿಮ್ಮ ಹತ್ತಿರ ಉಳಿದಿರುವುದು ಬರೀ 60. ಆಗ ಅವನ 200ರಲ್ಲಿ 60 ಮಾತ್ರ ನಿಮಗೆ ಸಂಬಂಧಿಸಿದ್ದು, ಉಳಿದದ್ದು ಅವನಿಗೇ ವಾಪಸ್ ಹೋಗುತ್ತದೆ. 100, ಅವನ 60, ನಿಮ್ಮ 60 ಸೇರಿ 220. 60ನ್ನು 220ರಿಂದ ಭಾಗಿಸಿದರೆ ಸುಮಾರು ಶೇ. 27.

ಆಟದ ಮಧ್ಯೆ ಭಾಗಾಕಾರ ಕಷ್ಟ ಅನ್ನುವವರಿಗೆ ಒಂದು ಸುಲಭ ದಾರಿ ಇದೆ. ಬೆಟ್ ಪಾಟ್‌ನ ಎಷ್ಟು ಭಾಗ ಅಂತ ನೋಡಿ, ಉತ್ತರ ಬಾಯಿಪಾಠ ಮಾಡಿಬಿಡಿ:

ಪಾಟ್‌ನ ಕಾಲು ಭಾಗ ಬೆಟ್ ಆದರೆ ಬೇಕಾದದ್ದು ಶೇ. 17
ಮೂರನೇ ಒಂದು ಭಾಗ ಆದರೆ ಶೇ. 20
ಅರ್ಧ ಆದರೆ ಶೇ. 25
ಮುಕ್ಕಾಲು ಆದರೆ ಶೇ. 30
ಪಾಟ್‌ನಷ್ಟೇ ಆದರೆ ಶೇ. 33
ಪಾಟ್‌ನ ಎರಡರಷ್ಟು ಆದರೆ ಶೇ. 40

ಬೆಟ್ ಎಷ್ಟೇ ದೊಡ್ಡದಾಗಲಿ, ಬೇಕಾದದ್ದು ಶೇ. 50 ಮುಟ್ಟುವುದೇ ಇಲ್ಲ, ನೋಡಿದಿರಾ? ಪಾಟ್‌ನಲ್ಲಿ ಮೊದಲೇ ಏನೋ ಇರುತ್ತದಲ್ಲ, ಅದಕ್ಕೆ. ದೊಡ್ಡ ಬೆಟ್ ನೋಡಿದ ತಕ್ಷಣ ಹೆದರಿ ಒಳ್ಳೆಯ ಕೈ ಬಿಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕೆಲವರು ಇದನ್ನೇ ಅನುಪಾತದಲ್ಲಿ ಹೇಳುತ್ತಾರೆ: "ನಿನಗೆ 3ಕ್ಕೆ 1 ಸಿಗುತ್ತಿದೆ". ಅಂದರೆ 3 ಗೆಲ್ಲಲು 1 ಹಾಕುತ್ತಿದ್ದೀರಿ, ಒಟ್ಟು 4ರಲ್ಲಿ ನಿಮ್ಮದು 1, ಶೇ. 25. ಮೂರರಲ್ಲಿ ಒಂದು ಅಂತ ಓದಿ ಶೇ. 33 ಅಂದುಕೊಳ್ಳಬೇಡಿ. ಶುರುವಿನಲ್ಲಿ ಶೇಕಡಾದಲ್ಲೇ ಲೆಕ್ಕ ಹಾಕಿ, ಎರಡನ್ನೂ ಬೆರೆಸಿದರೆ ತಲೆ ಕೆಡುತ್ತದೆ.

ಹಂತ 2: ಔಟ್ಸ್ ಎಣಿಸಿ

ನಿಮ್ಮ ಕೈಯಲ್ಲಿ ಆಟೀನ್ ಎಕ್ಕ, ಆಟೀನ್ 8. ಫ್ಲಾಪ್‌ನಲ್ಲಿ ಆಟೀನ್ ರಾಜ, ಆಟೀನ್ 6, ಕಳಾವರ್ 2. ಆಟೀನ್ ಒಟ್ಟು 13, ಕಣ್ಣಿಗೆ ಕಂಡದ್ದು 4, ಉಳಿದದ್ದು 9. ಫ್ಲಶ್ ಡ್ರಾಗೆ 9 ಔಟ್ಸ್.

ಕೈಯಲ್ಲಿ 9 ಮತ್ತು 8, ಫ್ಲಾಪ್‌ನಲ್ಲಿ 7, 6 ಮತ್ತು ರಾಜ ಇದ್ದರೆ ನಾಲ್ಕು 10, ನಾಲ್ಕು 5, ಯಾವುದು ಬಂದರೂ ಸ್ಟ್ರೇಟ್. 8 ಔಟ್ಸ್. ಮಧ್ಯದ ಒಂದೇ ಎಲೆಗೆ ಕಾಯುತ್ತಿದ್ದರೆ, ಅಂದರೆ 9, 8, 6, 5 ಇದ್ದು 7 ಬರಬೇಕಾದರೆ, ಬರೀ 4.

ಫ್ಲಶ್, ಸ್ಟ್ರೇಟ್ ಎರಡಕ್ಕೂ ಕಾಯುತ್ತಿದ್ದರೆ ಒಂದೇ ಎಲೆಯನ್ನು ಎರಡು ಸಲ ಎಣಿಸಬೇಡಿ. ಕೈಯಲ್ಲಿ ಆಟೀನ್ 9, 8. ಫ್ಲಾಪ್‌ನಲ್ಲಿ ಆಟೀನ್ 7, ಕಳಾವರ್ 6, ಆಟೀನ್ 2. ಆಟೀನ್ 9 ಎಲೆ, ಸ್ಟ್ರೇಟ್‌ಗೆ 8 ಎಲೆ, ಕೂಡಿದರೆ 17. ಆದರೆ ಆಟೀನ್ 10 ಮತ್ತು ಆಟೀನ್ 5 ಎರಡು ಪಟ್ಟಿಯಲ್ಲೂ ಇವೆ. ನಿಜವಾದ ಉತ್ತರ 15.

"ಎದುರಾಳಿಗಳ ಕೈಯಲ್ಲೂ ಆಟೀನ್ ಇರಬಹುದಲ್ವಾ, ಅದನ್ನು ಯಾಕೆ ಕಳೆಯಲ್ಲ?" ಇದನ್ನೂ ತುಂಬಾ ಜನ ಕೇಳುತ್ತಾರೆ. ಇರಬಹುದು, ಇಲ್ಲದೆಯೂ ಇರಬಹುದು. ಫ್ಲಾಪ್ ಆದ ಮೇಲೆ ನೀವು ನೋಡಿರುವುದು 5 ಎಲೆ, ನೋಡದೇ ಇರುವುದು 47. ಆ 47ರಲ್ಲಿ ಕೆಲವು ಕಟ್ಟಿನಲ್ಲಿವೆ, ಕೆಲವು ಇತರರ ಕೈಯಲ್ಲಿವೆ. ಯಾವುದು ಎಲ್ಲಿದೆ ಅಂತ ಗೊತ್ತಿಲ್ಲದವರೆಗೆ ಎಲ್ಲವನ್ನೂ ಒಂದೇ ರಾಶಿ ಅಂದುಕೊಂಡರೆ ಲೆಕ್ಕ ಸರಿಯಾಗಿಯೇ ಬರುತ್ತದೆ.

ಇದಕ್ಕಿಂತ ಮುಖ್ಯವಾದ ವಿಷಯ ಕೆಟ್ಟ ಔಟ್ಸ್. ಬಂದರೂ ನಿಮ್ಮನ್ನು ಗೆಲ್ಲಿಸದ ಎಲೆ ಔಟ್ ಅಲ್ಲ. ಮೇಲಿನ ಮೊದಲ ಉದಾಹರಣೆಯಲ್ಲಿ ಎದುರಾಳಿಯ ಕೈಯಲ್ಲಿ ಎರಡು 6 ಇದ್ದರೆ ಅವನಿಗೆ ಈಗಾಗಲೇ ಮೂರು 6 ಆಗಿದೆ. ಆಟೀನ್ 2 ಬಂತು ಅನ್ನಿ. ನಿಮಗೆ ಫ್ಲಶ್, ಅವನಿಗೆ ಫುಲ್ ಹೌಸ್. ನಿಮ್ಮ ಒಂಬತ್ತರಲ್ಲಿ ಒಂದು ಅಲ್ಲೇ ಹೋಯಿತು. ಇನ್ನೊಂದು ಕಡೆ, ಅವನ ಹತ್ತಿರ ಇರುವುದು ಒಂದು ಜೊತೆ ರಾಜ ಮಾತ್ರ ಅಂತ ನಿಮಗೆ ಅನ್ನಿಸಿದರೆ ಉಳಿದ ಮೂರು ಎಕ್ಕಗಳೂ ನಿಮಗೆ ಔಟ್ಸ್ ಆಗಬಹುದು, 9 ಹೋಗಿ 12 ಆಗುತ್ತದೆ.

ಕೈಯಲ್ಲಿ ಎಕ್ಕ-ರಾಣಿ, ಫ್ಲಾಪ್‌ನಲ್ಲಿ 9-6-3. "ಎಕ್ಕ 3, ರಾಣಿ 3, ಒಟ್ಟು 6 ಔಟ್ಸ್" ಅಂತ ಧೈರ್ಯವಾಗಿ ಕಾಲ್ ಮಾಡುವವರು ಬಹಳ. ಎದುರಾಳಿಯ ಹತ್ತಿರ ಎಕ್ಕ-9 ಇದ್ದರೆ ನಿಮ್ಮ ಎಕ್ಕ ಬಂದಾಗ ಅವನಿಗೆ ಎರಡು ಜೊತೆ ಆಗುತ್ತದೆ, ನಿಮಗೆ ಉಳಿಯುವುದು ಮೂರು ರಾಣಿ ಮಾತ್ರ. ಇಂಥ ಕೈಯಲ್ಲಿ ನಾನು ಆರನ್ನು ಮೂರು, ನಾಲ್ಕು ಅಂತಲೇ ಎಣಿಸುತ್ತೇನೆ.

ಹಂತ 3: ಔಟ್ಸನ್ನು ಶೇಕಡಾಗೆ ಬದಲಾಯಿಸಿ

ಮುಂದಿನ ಒಂದು ಎಲೆಯಲ್ಲಿ ಸಿಗುವ ಸಾಧ್ಯತೆ ಬೇಕಾದರೆ ಔಟ್ಸನ್ನು 2ರಿಂದ ಗುಣಿಸಿ, ಒಂದು ಕೂಡಿಸಿ. 9 ಔಟ್ಸ್‌ಗೆ ಶೇ. 19. ನಿಖರವಾಗಿ ಹೇಳಬೇಕಾದರೆ ಟರ್ನ್‌ನಲ್ಲಿ 47ರಲ್ಲಿ 9, ಶೇ. 19.1. ರಿವರ್‌ನಲ್ಲಿ 46ರಲ್ಲಿ 9, ಶೇ. 19.6.

ಫ್ಲಾಪ್ ಆದ ಮೇಲೆ ಬಾಕಿ ಎರಡೂ ಎಲೆ ಸೇರಿ ಎಷ್ಟು ಸಾಧ್ಯತೆ ಅಂತ ಬೇಕಾದರೆ 4ರಿಂದ ಗುಣಿಸಿ. 9 ಔಟ್ಸ್‌ಗೆ ಶೇ. 36, ನಿಜವಾದದ್ದು ಶೇ. 35. 8 ಔಟ್ಸ್‌ಗೆ ಶೇ. 32, ನಿಜವಾದದ್ದು 31.5. 4 ಔಟ್ಸ್‌ಗೆ ಶೇ. 16, ನಿಜವಾದದ್ದು 16.5. ಔಟ್ಸ್ ಜಾಸ್ತಿ ಆದ ಹಾಗೆ ಈ ಗುಣಾಕಾರ ಉಬ್ಬಿಸಿ ಹೇಳುತ್ತದೆ: 15ಕ್ಕೆ ಶೇ. 60 ಅನ್ನುತ್ತದೆ, ನಿಜವಾಗಿ ಇರುವುದು 54. ಎಂಟಕ್ಕಿಂತ ಎಷ್ಟು ಜಾಸ್ತಿ ಔಟ್ಸ್ ಇವೆಯೋ ಅಷ್ಟನ್ನು ಕಳೆಯಿರಿ. 60ರಲ್ಲಿ 7 ಹೋದರೆ 53, ಹತ್ತಿರ ಬಂತು.

ಈ ಉತ್ತರಕ್ಕೆ 'ಇರುವುದು' ಅನ್ನೋಣ. 'ಇರುವುದು' 'ಬೇಕಾದದ್ದಕ್ಕಿಂತ' ದೊಡ್ಡದಾದರೆ ಕಾಲ್, ಚಿಕ್ಕದಾದರೆ ಫೋಲ್ಡ್.

ಹಂತ 4: 2ರಿಂದ ಗುಣಿಸಬೇಕಾ, 4ರಿಂದಲಾ?

ಕಲಿಯುವವರು ಅತಿ ಹೆಚ್ಚು ಚಿಪ್ಸ್ ಕಳೆದುಕೊಳ್ಳುವುದು ಇಲ್ಲೇ ಅಂತ ನನ್ನ ಅನಿಸಿಕೆ. ಸೂತ್ರ ಬಾಯಿಪಾಠ ಆಗಿರುತ್ತದೆ, ಆದರೆ ಯಾವಾಗ ಯಾವುದು ಅನ್ನುವುದು ಗೊತ್ತಿರುವುದಿಲ್ಲ, ನಾಲ್ಕರಿಂದ ಗುಣಿಸಿದರೆ ದೊಡ್ಡ ಅಂಕಿ ಬರುತ್ತದೆ, ಕಾಲ್ ಮಾಡುವ ಆಸೆ ಮೊದಲೇ ಇರುತ್ತದೆ, ಅಲ್ಲಿಗೆ ಕಥೆ ಮುಗಿಯಿತು.

ನಿಯಮ ಸರಳ. ಈ ಕಾಲ್ ಮಾಡಿದ ಮೇಲೆ ಎರಡೂ ಎಲೆ ನೋಡಲು ಮತ್ತೆ ಒಂದು ಚಿಪ್ ಕೂಡ ಹಾಕಬೇಕಿಲ್ಲ ಅಂತ ಖಾತ್ರಿ ಇದ್ದರೆ ಮಾತ್ರ 4. ಅಂದರೆ ಫ್ಲಾಪ್‌ನಲ್ಲೇ ಅವನೋ ನೀವೋ ಆಲ್-ಇನ್, ಉಳಿದ ಚಿಪ್ಸ್ ಎಲ್ಲ ಒಳಗೆ. ಬೇರೆ ಎಲ್ಲ ಸಂದರ್ಭದಲ್ಲೂ 2.

ಯಾಕೆ ಅಂತ ಒಂದು ಕೈ ಹಿಡಿದು ನೋಡೋಣ. ಫ್ಲಾಪ್, ಪಾಟ್ 200, ಎದುರಾಳಿ 100 ಹಾಕಿದ. ನಿಮ್ಮದು ಫ್ಲಶ್ ಡ್ರಾ. ಬೇಕಾದದ್ದು ಶೇ. 25.

ಆ 100 ಅವನ ಕೊನೆಯ ಚಿಪ್ಸ್ ಆಗಿದ್ದರೆ ನಿಮಗೆ ಇರುವುದು ಶೇ. 35. ಇಂಥ ಕಾಲ್ ನೂರು ಸಲ ಮಾಡಿದರೆ 35 ಸಲ 300 ಸಿಗುತ್ತದೆ, 65 ಸಲ 100 ಹೋಗುತ್ತದೆ. 10,500ರಲ್ಲಿ 6,500 ಕಳೆದರೆ 4,000 ಉಳಿಯುತ್ತದೆ, ಅಂದರೆ ಪ್ರತಿ ಕಾಲ್‌ಗೆ ಸರಾಸರಿ 40 ಲಾಭ. ಕಣ್ಣು ಮುಚ್ಚಿ ಕಾಲ್ ಮಾಡಿ.

ಈಗ ಅವನ ಹಿಂದೆ ಇನ್ನೂ ಚಿಪ್ಸ್ ಇವೆ ಅನ್ನಿ. ನೀವು ಕಾಲ್ ಮಾಡಿದಿರಿ, ಪಾಟ್ 400 ಆಯಿತು. ಟರ್ನ್‌ನಲ್ಲಿ ಆಟೀನ್ ಬರಲಿಲ್ಲ. ಅವನು ಸುಮ್ಮನಿರುತ್ತಾನಾ? ಮತ್ತೆ ಅರ್ಧ ಪಾಟ್, 200 ಹಾಕಿದ. ಈಗ ಎರಡನೇ ಎಲೆ ನೋಡಲು ಇನ್ನೊಂದು ಸಲ ದುಡ್ಡು ಕಟ್ಟಬೇಕು. ಎರಡೂ ಎಲೆ ನೋಡಲು ಒಟ್ಟು ನಿಮ್ಮಿಂದ 300, ಅವನಿಂದ 300, ಮೊದಲಿನ 200, ಸೇರಿ 800. ಅದರಲ್ಲಿ 300 ಅಂದರೆ ಶೇ. 37.5. ನಿಮ್ಮ 35 ಅದಕ್ಕೆ ಸಾಲುವುದಿಲ್ಲ. ಫ್ಲಾಪ್‌ನಲ್ಲಿ ಶೇ. 25 ಅಂತ ಕಂಡ ಬೆಲೆ ಬರೀ ಮೊದಲ ಕಂತು.

ಹಾಗಾದರೆ ಅರ್ಧ ಪಾಟ್ ಬೆಟ್‌ಗೆ ಫ್ಲಶ್ ಡ್ರಾ ಯಾವಾಗಲೂ ಬಿಡಬೇಕಾ? ಬೇಡ. ಅದಕ್ಕೆ ಮುಂದಿನ ಹಂತ.

ಹಂತ 5: ಎಲೆ ಬಂದ ಮೇಲೆ ಎಷ್ಟು ಸಿಗುತ್ತದೆ ಅಂತ ನೋಡಿ

ಪಾಟ್‌ನಲ್ಲಿ ಈಗ ಇರುವುದಷ್ಟೇ ಅಲ್ಲ, ನಿಮ್ಮ ಎಲೆ ಬಂದ ಮೇಲೆ ಎದುರಾಳಿ ಇನ್ನೂ ಹಾಕುವುದೂ ನಿಮಗೇ ಸೇರುತ್ತದೆ. ಇದನ್ನು ಇಂಪ್ಲೈಡ್ ಆಡ್ಸ್ ಅನ್ನುತ್ತಾರೆ. ಈ ಹೆಸರಿನಲ್ಲಿ ಎಲ್ಲ ಕೆಟ್ಟ ಕಾಲ್‌ಗಳನ್ನೂ ಸಮರ್ಥಿಸಿಕೊಳ್ಳುವವರಿದ್ದಾರೆ. ಅದಕ್ಕೇ ಅಂದಾಜು ಬೇಡ, ಲೆಕ್ಕ ಹಾಕಿ.

ಟರ್ನ್, ಪಾಟ್ 300, ಬೆಟ್ 150, ನಿಮಗೆ 9 ಔಟ್ಸ್. ಬೇಕಾದದ್ದು 25, ಇರುವುದು 19.6. ಕೊರತೆ ಇದೆ. ಎಷ್ಟು? ಕಾಲ್‌ನ ಮೊತ್ತವನ್ನು 46ರಿಂದ ಗುಣಿಸಿ, ಔಟ್ಸ್‌ನಿಂದ ಭಾಗಿಸಿ: 150 × 46 ÷ 9, ಸುಮಾರು 767. ನಿಮ್ಮ ಕಾಲ್ ಆದ ಮೇಲೆ ಪಾಟ್ 600. ವ್ಯತ್ಯಾಸ 167. ಅಂದರೆ ಆಟೀನ್ ಬಂದಾಗಲೆಲ್ಲ ರಿವರ್‌ನಲ್ಲಿ ಸರಾಸರಿ ಇನ್ನೂ 167 ಗೆಲ್ಲಬಲ್ಲಿರಾದರೆ ಕಾಲ್ ಸರಿ.

ಈಗ ಎದುರಾಳಿಯ ಹತ್ತಿರ ಎಷ್ಟು ಉಳಿದಿದೆ ಅಂತ ನೋಡಿ. 80 ಇದ್ದರೆ ಮಾತೇ ಇಲ್ಲ, ಫೋಲ್ಡ್. 500 ಇದ್ದು, ಸುಲಭವಾಗಿ ಬಿಡದ ಮನುಷ್ಯ ಆಗಿದ್ದರೆ ಕಾಲ್. ಸರಾಸರಿ ಅನ್ನುವ ಪದ ಮರೆಯಬೇಡಿ, ಅರ್ಧ ಸಲ ಅವನು ಫೋಲ್ಡ್ ಮಾಡುತ್ತಾನೆ ಅಂತಾದರೆ ಉಳಿದ ಅರ್ಧ ಸಲದಲ್ಲಿ 334 ಬರಬೇಕು. ಮೇಜಿನ ಮೇಲೆ ಮೂರು ಆಟೀನ್ ಬಿದ್ದರೆ ಎಲ್ಲರಿಗೂ ಕಾಣುತ್ತದೆ, ಹುಷಾರಾಗುತ್ತಾರೆ. ಸ್ಟ್ರೇಟ್ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಅದಕ್ಕೆ ಜಾಸ್ತಿ ಸಿಗುತ್ತದೆ.

ಇದೇ ಜಾಗದಲ್ಲಿ 4 ಔಟ್ಸ್ ಇದ್ದರೆ? 150 × 46 ÷ 4 ಅಂದರೆ 1,725. ಅದರಲ್ಲಿ 600 ಕಳೆದರೆ 1,125. ಮಧ್ಯದ ಒಂದೇ ಎಲೆಗೆ ಅರ್ಧ ಪಾಟ್ ಕಟ್ಟಿ ಕಾಯುವುದು ಎಷ್ಟು ದುಬಾರಿ ಅಂತ ಇದರಲ್ಲೇ ಗೊತ್ತಾಗುತ್ತದೆ.

ಫ್ಲಾಪ್‌ಗೆ ಮುಂಚೆ ಸಣ್ಣ ಜೋಡಿ, ಉದಾಹರಣೆಗೆ ಎರಡು 4, ಹಿಡಿದು ಕಾಲ್ ಮಾಡುವಾಗಲೂ ಇದೇ ವಿಚಾರ. ಫ್ಲಾಪ್‌ನಲ್ಲಿ ಮೂರನೇ 4 ಬರುವ ಸಾಧ್ಯತೆ ಸುಮಾರು ಶೇ. 12, ಎಂಟೂವರೆ ಸಲಕ್ಕೆ ಒಂದು. ಕಾಲ್‌ನ 15 ಪಟ್ಟಾದರೂ ಎದುರಾಳಿಯ ಹತ್ತಿರ ಇರಲಿ ಅನ್ನುವುದು ಆಟಗಾರರಲ್ಲಿ ರೂಢಿಯಲ್ಲಿರುವ ಲೆಕ್ಕ.

ಹಂತ 6: ಎಲೆ ಬಂದೂ ಸೋಲುವ ಕೈಗಳನ್ನು ಗುರುತಿಸಿ

ಕೈಯಲ್ಲಿ 6-5, ಫ್ಲಾಪ್‌ನಲ್ಲಿ 8-7-ರಾಜ. 9 ಬಂದರೆ ನಿಮಗೆ ಸ್ಟ್ರೇಟ್. ಆದರೆ ಗುಲಾಮ-10 ಹಿಡಿದವನಿಗೆ ಇನ್ನೂ ದೊಡ್ಡ ಸ್ಟ್ರೇಟ್. ಕೈಯಲ್ಲಿ ಆಟೀನ್ 5-4 ಇದ್ದು ಫ್ಲಶ್ ಆದರೂ ಹೀಗೆಯೇ, ದೊಡ್ಡ ಆಟೀನ್ ಹಿಡಿದವನು ಸಿಕ್ಕರೆ ನಿಮ್ಮ ರಾಶಿ ಪೂರ್ತಿ ಖಾಲಿ. ಇಂಥ ಕೈಗಳಲ್ಲಿ ಹಂತ 5ರ ಲೆಕ್ಕ ತಿರುಗಿ ಹೊಡೆಯುತ್ತದೆ: ಎಲೆ ಬಂದ ಮೇಲೆ ನೀವು ಗೆಲ್ಲುವುದಕ್ಕಿಂತ ಕಳೆದುಕೊಳ್ಳುವುದೇ ಜಾಸ್ತಿ ಆಗಬಹುದು. ಆಡುವವರು ಇಬ್ಬರೇ ಇದ್ದರೆ ಅಷ್ಟೊಂದು ಚಿಂತೆ ಬೇಡ. ನಾಲ್ಕೈದು ಜನ ಇದ್ದರೆ ಔಟ್ಸ್ ಕಡಿಮೆ ಎಣಿಸಿ.

ನಿಮ್ಮ ನಂತರ ಆಡಬೇಕಾದವರು ಇನ್ನೂ ಇದ್ದರೆ ಮತ್ತೊಂದು ಎಚ್ಚರಿಕೆ. ನೀವು 100 ಕಾಲ್ ಮಾಡಿದ ಮೇಲೆ ಪಕ್ಕದವನು 400ಕ್ಕೆ ಏರಿಸಿದರೆ ನಿಮ್ಮ ಶೇ. 20 ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ.

ಹಂತ 7: ರಿವರ್‌ನಲ್ಲಿ ಲೆಕ್ಕ ಬದಲಾಗುತ್ತದೆ

ಐದೂ ಎಲೆ ಬಿಚ್ಚಿದ ಮೇಲೆ ಔಟ್ಸ್ ಇಲ್ಲ. 'ಬೇಕಾದದ್ದು' ಮೊದಲಿನಂತೆಯೇ ಸಿಗುತ್ತದೆ, 'ಇರುವುದನ್ನು' ಮಾತ್ರ ಬೇರೆ ಕಡೆ ಹುಡುಕಬೇಕು.

ಪಾಟ್ 400, ಅವನು 200 ಹಾಕಿದ. ಬೇಕಾದದ್ದು ಶೇ. 25. ನಿಮ್ಮ ಹತ್ತಿರ ಸಾಧಾರಣ ಒಂದು ಜೋಡಿ, ಅವನು ನಿಜವಾಗಿ ಒಳ್ಳೆಯ ಕೈ ಹಿಡಿದಿದ್ದರೆ ನೀವು ಸೋತಿರಿ, ಸುಳ್ಳು ಬೆಟ್ ಆಗಿದ್ದರೆ ಗೆದ್ದಿರಿ. ಹಾಗಾದರೆ ಕೇಳಿಕೊಳ್ಳಬೇಕಾದ ಪ್ರಶ್ನೆ "ಅವನು ಬ್ಲಫ್ ಮಾಡ್ತಿದ್ದಾನಾ?" ಅಲ್ಲ. "ಇಂಥ ಜಾಗದಲ್ಲಿ ನಾಲ್ಕು ಸಲಕ್ಕೆ ಒಂದು ಸಲವಾದರೂ ಬ್ಲಫ್ ಮಾಡುವ ಮನುಷ್ಯನಾ ಇವನು?" ಪಾಟ್‌ನಷ್ಟೇ ಬೆಟ್ ಹಾಕಿದ್ದರೆ ಮೂರು ಸಲಕ್ಕೆ ಒಂದು. ಅವನು ಯಾವ ಡ್ರಾಗೆ ಕಾಯುತ್ತಿದ್ದಿರಬಹುದು, ಅದು ಬರದೇ ಹೋಯಿತಾ, ಹಿಂದಿನ ಕೈಗಳಲ್ಲಿ ಸೋತ ಎಲೆ ತೋರಿಸಿದ್ದಾನಾ, ಇವೆಲ್ಲ ಈ ಅಂದಾಜಿಗೆ ಬೇಕು. ಗೆಳೆಯರ ಜೊತೆ ಆಡುವ ಸಣ್ಣ ಆಟಗಳಲ್ಲಿ ಜನ ಕಾಲ್ ಮಾಡುವುದು ಜಾಸ್ತಿ, ರಿವರ್‌ನಲ್ಲಿ ದೊಡ್ಡ ಬ್ಲಫ್ ಮಾಡುವುದು ಕಡಿಮೆ. ಅಲ್ಲಿ ಬೆಲೆ ಸರಿಯಿದ್ದರೂ ನಾನು ಹೆಚ್ಚು ಸಲ ಫೋಲ್ಡ್ ಕಡೆಗೇ ವಾಲುತ್ತೇನೆ.

ಈ ಲೆಕ್ಕ ಸ್ವಲ್ಪ ಬದಲಾಗುವ ಎರಡು ಜಾಗಗಳಿವೆ. ಗೋವಾದಂಥ ಕಡೆ ಕ್ಯಾಸಿನೊದಲ್ಲಿ ಆಡಿದರೆ ಪ್ರತಿ ಪಾಟ್‌ನಿಂದ ಕ್ಯಾಸಿನೊದವರು ಒಂದು ಪಾಲು ಎತ್ತಿಕೊಳ್ಳುತ್ತಾರೆ, ಅದಕ್ಕೆ ರೇಕ್ ಅನ್ನುತ್ತಾರೆ. ನೀವು ಗೆಲ್ಲುವ ಪಾಟ್ ಅಷ್ಟು ಚಿಕ್ಕದಾಗುತ್ತದೆ, ಹಾಗಾಗಿ ತಕ್ಕಡಿ ಸಮ ಇರುವ ಕಾಲ್‌ಗಳು ಅಲ್ಲಿ ನಷ್ಟದ ಕಾಲ್‌ಗಳು. ಟೂರ್ನಮೆಂಟ್‌ನಲ್ಲಿ ಬಹುಮಾನಕ್ಕೆ ಇನ್ನೊಬ್ಬರೋ ಇಬ್ಬರೋ ಔಟ್ ಆಗಬೇಕು ಅನ್ನುವ ಹೊತ್ತಿನಲ್ಲಿ ಕಳೆದುಕೊಳ್ಳುವ ಚಿಪ್‌ಗೆ ಗೆಲ್ಲುವ ಚಿಪ್‌ಗಿಂತ ಜಾಸ್ತಿ ಬೆಲೆ, ಆಗ ಪಾಟ್ ಆಡ್ಸ್ ಹೇಳಿದ್ದಕ್ಕಿಂತ ಬಿಗಿಯಾಗಿ ಆಡಬೇಕು.

ಅಭ್ಯಾಸಕ್ಕೆ ನಾಲ್ಕು ಕೈ

ಉತ್ತರ ಓದುವ ಮೊದಲು ನೀವೇ ಮಾಡಿ ನೋಡಿ.

1. ಟರ್ನ್. ಪಾಟ್ 240, ಬೆಟ್ 80, ನಿಮಗೆ ಸ್ಟ್ರೇಟ್‌ಗೆ 8 ಔಟ್ಸ್. ಬೇಕಾದದ್ದು 80 ÷ 400, ಶೇ. 20. ಇರುವುದು ಸುಮಾರು 17. ಕೊರತೆ: 80 × 46 ÷ 8 ಅಂದರೆ 460, ಕಾಲ್ ಆದ ಮೇಲಿನ ಪಾಟ್ 400, ವ್ಯತ್ಯಾಸ 60. ಅವನ ಹಿಂದೆ ಒಳ್ಳೆಯ ರಾಶಿ ಇದ್ದರೆ ಕಾಲ್. ಆ 80 ಅವನ ಆಲ್-ಇನ್ ಆಗಿದ್ದರೆ ಫೋಲ್ಡ್.

2. ಫ್ಲಾಪ್. ಪಾಟ್ 500, ಎದುರಾಳಿ 350ಕ್ಕೆ ಆಲ್-ಇನ್, ನಿಮ್ಮದು ಎಕ್ಕದ ಫ್ಲಶ್ ಡ್ರಾ. ಬೇಕಾದದ್ದು 350 ÷ 1,200, ಸುಮಾರು ಶೇ. 29. ಇನ್ನು ಹಾಕಲು ಏನೂ ಇಲ್ಲ, ಹಾಗಾಗಿ 4ರ ಗುಣಾಕಾರ, ಶೇ. 35. ಕಾಲ್.

3. ಫ್ಲಾಪ್‌ಗೆ ಮುಂಚೆ. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಮೊತ್ತ, 5 ಮತ್ತು 10. ನೀವು 10 ಹಾಕಿದವರು. ಒಬ್ಬ 30ಕ್ಕೆ ಏರಿಸಿದ, ಉಳಿದವರೆಲ್ಲ ಬಿಟ್ಟರು. ನೀವು ಇನ್ನೂ 20 ಹಾಕಬೇಕು, ಪಾಟ್‌ನಲ್ಲಿ ಇರುವುದು 45. 20 ÷ 65, ಸುಮಾರು ಶೇ. 31. ಇಲ್ಲಿ 30 ÷ 75 ಅಂತ ಬರೆದಿದ್ದರೆ ನೀವು ಮೊದಲೇ ಹಾಕಿದ 10ನ್ನು ಎರಡು ಸಲ ಎಣಿಸಿದ್ದೀರಿ.

4. ರಿವರ್. ಪಾಟ್ 600, ಬೆಟ್ 300, ನಿಮ್ಮದು ಒಂದು ಜೊತೆ 10, ಕೊನೆಯ ಎಲೆಗೆ ಮೇಜಿನ ಮೇಲೆ ಮೂರನೇ ಇಸ್ಪೀಟ್ (ಸ್ಪೇಡ್) ಬಿದ್ದಿದೆ. ಬೇಕಾದದ್ದು ಶೇ. 25. ಮುಂದಿನದು ಎದುರಿಗೆ ಕೂತಿರುವವನ ಮೇಲೆ ಬಿಟ್ಟದ್ದು. ಇಲ್ಲಿ ಔಟ್ಸ್ ಎಣಿಸಲು ಶುರು ಮಾಡಿದ್ದರೆ ಹಂತ 7ನ್ನು ಇನ್ನೊಂದು ಸಲ ಓದಿ.